ಡ್ಯಾಮು ಎಷ್ಟಡಿ ಐತಿ?

ನಮ್ಮೂರಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಬಾಯಿಪಾಠವಾಗಿದ್ದ ಅಂಕಿಯೊಂದಿತ್ತು: 186. ಲಕ್ಕವಳ್ಳಿಯ ಭದ್ರಾ ಡ್ಯಾಮು ತುಂಬಿದಾಗಿನ ನೀರಿನ ಮಟ್ಟ ಅದು, ಅಡಿ ಲೆಕ್ಕದಲ್ಲಿ. ಆಷಾಢದ ಮಳೆ ಹಿಡಿಯಿತೆಂದರೆ ಕಡರನಾಯಕನಹಳ್ಳಿಯ ಕಟ್ಟೆಯ ಮೇಲೂ ಹೋಟೆಲಿನ ಬೆಂಚಿನ ಮೇಲೂ ಒಂದೇ ಮಾತು. ದನಕ್ಕೆ ಹುಲ್ಲು ಹಾಕುತ್ತಿದ್ದವರು ಹಿತ್ತಲಾಚೆಯಿಂದಲೇ ಕೂಗಿ ಕೇಳುತ್ತಿದ್ದರು: ‘ಡ್ಯಾಮು ಎಷ್ಟಡಿ ಐತಂತೆ?’ ದಾವಣಗೆರೆಯಿಂದ ಬರುತ್ತಿದ್ದ ‘ಜನತಾವಾಣಿ’ ನೋಡಿ ಯಾರಾದರೂ ಓದಿ ಹೇಳಬೇಕು. ಅಕ್ಷರ ಕೂಡಿಸಿ ಓದುವುದು ಬಂದ ಮೇಲೆ ನಮ್ಮ ಓಣಿಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಅಂಕಿ ಓದುವಾಗ ಅಪ್ಪ ಬೀಡಿ ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಡ್ಯಾಮು ತುಂಬಿದರೆ ಮಳೆಗಾಲದ ಭತ್ತವೂ ಆಯಿತು, ಬೇಸಿಗೆ ಭತ್ತವೂ ಆಯಿತು. ಎರಡು ಬೆಳೆ ಕೈಗೆ ಹತ್ತಿದರೆ ಮನೆಯಲ್ಲಿ ಓದುವ ಮಾತು. ಒಂದೇ ಹತ್ತಿದರೆ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ನಮ್ಮ ಹೊಲ ಇದ್ದದ್ದು ಅಚ್ಚುಕಟ್ಟಿನ ಕೊನೆ ಭಾಗದಲ್ಲಿ. ಭದ್ರಾ ಬಲದಂಡೆ ನಾಲೆ ಒಡೆದು ಒಂದು ಕವಲು ದಾವಣಗೆರೆ ಕಡೆಗೂ ಇನ್ನೊಂದು ಮಲೇಬೆನ್ನೂರು ಕಡೆಗೂ ಬರುತ್ತದೆ. ಮೇಲಿನವರೆಲ್ಲ ಗದ್ದೆ ತುಂಬಿಸಿಕೊಂಡ ಮೇಲೆ ಉಳಿದದ್ದು ನಮಗೆ. ಕೊನೆ ಭಾಗದ ರೈತ ಎಂದರೆ ಏನೆಂದು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ನೀರು ಬಿಟ್ಟಿದ್ದಾರೆ ಎಂದು ಪೇಪರಿನಲ್ಲಿ ಬಂದಿರುತ್ತದೆ. ನಮ್ಮ ತೂಬಿನ ಬಾಯಲ್ಲಿ ಮಾತ್ರ ಏಡಿಗಳು ಓಡಾಡುತ್ತಿರುತ್ತವೆ.

ಊರಿನ ಪ್ರಾಥಮಿಕ ಶಾಲೆಯಲ್ಲಿ ನಾನೂ ಅಕ್ಕನೂ ಒಂದೇ ಕ್ಲಾಸು. ಆಕೆ ನನಗಿಂತ ಎರಡು ವರ್ಷ ದೊಡ್ಡವಳು. ಅವ್ವ ನಾಟಿಗೆ, ಕಳೆಗೆ ಹೋಗುವಾಗ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು. ಆ ಕೂಸು ನಾನು. ನನ್ನನ್ನು ಎತ್ತಿ ಆಡಿಸಿ ಮುಗಿದ ಮೇಲೆ, ನನ್ನ ಕೈ ಹಿಡಿದುಕೊಂಡೇ ಆಕೆ ಒಂದನೇ ಇಯತ್ತೆಗೆ ಬಂದು ಕೂತಳು. ಗೋಧಿ ನುಚ್ಚಿನ ಉಪ್ಪಿಟ್ಟು ಬೇಯಿಸಿ ಹಾಕುತ್ತಿದ್ದ ಕಾಲ ಅದು. ಆ ಉಪ್ಪಿಟ್ಟಿನ ಹಳದಿ ಎಣ್ಣೆಯ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ತಟ್ಟೆ ತರಲು ಮರೆತ ದಿನ ಅಕ್ಕ ತನ್ನ ತಟ್ಟೆಯಲ್ಲಿ ಗೆರೆ ಎಳೆದು ಅರ್ಧ ಮಾಡುತ್ತಿದ್ದಳು. ಲೆಕ್ಕದಲ್ಲಿ ಆಕೆ ಬಲು ಗಟ್ಟಿ. ಮೇಷ್ಟ್ರು ಬಾಯಿಲೆಕ್ಕ ಕೇಳಿದರೆ ನಾವು ಬೆರಳು ಎಣಿಸುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು.

ಏಳನೇ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ. ಸೆಂಟರು ಬೇರೆ ಊರಿನಲ್ಲಿ. 1981ರ ಬೇಸಿಗೆಯಲ್ಲಿ ನಾವೆಲ್ಲ ಎತ್ತಿನ ಗಾಡಿಯಲ್ಲಿ ಕೂತು, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋದೆವು. ಫಲಿತಾಂಶ ಬಂದಾಗ ಅಕ್ಕನಿಗೆ ನನಗಿಂತ ಹೆಚ್ಚು ಅಂಕ. ಮೇಷ್ಟ್ರು ಅದನ್ನು ಹೇಳಲೆಂದೇ ಮನೆಗೆ ಬಂದರು. ಜಗಲಿಯಲ್ಲಿ ಕೂತು, ಕೊಟ್ಟ ನೀರನ್ನೂ ಕುಡಿಯದೆ, ‘ಹುಡುಗಿ ಭಾಳ ಚುರುಕದಾಳೆ, ಹೈಸ್ಕೂಲಿಗೆ ಕಳ್ಸಿ’ ಅಂದರು. ಹೈಸ್ಕೂಲು ಇದ್ದದ್ದು ಪಕ್ಕದೂರಿನಲ್ಲಿ. ಹೋಗುವ ದಾರಿ ನಾಲೆ ಏರಿಯ ಮೇಲೆ. ಅಪ್ಪ ಕೆಟ್ಟ ಮನುಷ್ಯನಲ್ಲ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ನಾಲೆ ಏರಿ ಮ್ಯಾಲೆ ವಯಸ್ಸಿಗೆ ಬಂದ ಹೆಣ್ಮಗಳು ಹೆಂಗೆ ಓಡಾಡ್ತಾಳೆ ಮೇಷ್ಟ್ರೆ?’ ಅಲ್ಲಿಗೆ ಮುಗಿಯಿತು. ಜೂನ್ ತಿಂಗಳಲ್ಲಿ ನಾನೊಬ್ಬನೇ ಏರಿ ಹತ್ತಿದೆ. ಅಕ್ಕ ಸಸಿಮಡಿಗೆ ಇಳಿದಳು. ಆಕೆಯ ಸ್ಲೇಟನ್ನು ಅವ್ವ ಅಕ್ಕಿಯ ಮಡಕೆಗೆ ಮುಚ್ಚಳ ಮಾಡಿದಳು. ಬಹಳ ವರ್ಷ ಅದು ಹಾಗೆಯೇ ಇತ್ತು.

ಹೈಸ್ಕೂಲಿನ ಮೂರು ವರ್ಷದ ಬಗ್ಗೆ ಹೇಳಲು ಹೆಚ್ಚಿಲ್ಲ. ನಡೆದೆ, ಓದಿದೆ, ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟಿದೆ. ಒಂದು ಮಾತನ್ನು ಮಾತ್ರ ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಹಳ್ಳಿಗೆ ಹೈಸ್ಕೂಲು ಬಂದದ್ದು ಸರ್ಕಾರದಿಂದ ಮಾತ್ರವಲ್ಲ. ಸಿರಿಗೆರೆಯ ತರಳಬಾಳು ಮಠ ಹಳ್ಳಿ ಹಳ್ಳಿಗಳಲ್ಲಿ ಹೈಸ್ಕೂಲು ತೆರೆಯಿತು. ಬೇರೆ ಮಠಗಳು, ಊರಿನ ಹಿರಿಯರ ಸಂಘಗಳೂ ತೆರೆದವು. ಒಬ್ಬರು ಜಾಗ ಕೊಟ್ಟರೆ ಇನ್ನೊಬ್ಬರು ತೊಲೆ ಕೊಟ್ಟರು. ಭತ್ತ ಬೆಳೆದವರು ಚೀಲಗಳನ್ನು ಇಳಿಸಿದರು. ಅಷ್ಟೆಲ್ಲ ಮಾಡಿದ ಊರುಗಳೂ ಹೆಣ್ಣುಮಕ್ಕಳು ಅಲ್ಲಿಗೆ ನಡೆದು ಬರುವ ದಾರಿಯ ಬಗ್ಗೆ ಕೂತು ಮಾತಾಡಲಿಲ್ಲ. ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಅಕ್ಕನ ಪಾಲಿಗೆ ಅದು ಇಪ್ಪತ್ತೈದು ವರ್ಷ ತಡ.

1984ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಯಿತು. ಮುಂದೆ ಹರಿಹರವೋ ದಾವಣಗೆರೆಯೋ ಎಂಬ ಚರ್ಚೆ. ಹರಿಹರ ನಮ್ಮ ತಾಲ್ಲೂಕು ಕೇಂದ್ರ. ಅಲ್ಲಿ ಎಸ್‌ಜೆವಿಪಿ ಕಾಲೇಜಿತ್ತು. ಅದಕ್ಕಿಂತ ಹೆಚ್ಚಾಗಿ ಹರಿಹರ ಎಂದರೆ ಕಿರ್ಲೋಸ್ಕರ್. 1941ರಲ್ಲಿ ಶುರುವಾದ ಮೈಸೂರ್ ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಬೇರೆ. ಐಟಿಐ ಮಾಡಿ ಕಿರ್ಲೋಸ್ಕರ್‌ಗೆ ಸೇರಿದವನಿಗೆ ನಮ್ಮ ಕಡೆ ಹೆಣ್ಣು ಕೊಡಲು ಸಾಲುಗಟ್ಟಿ ನಿಲ್ಲುತ್ತಿದ್ದರು. ನೀಲಿ ಬಟ್ಟೆಯ ಆ ಕೆಲಸವೇ ಸಾಕೆಂದು ಚಿಕ್ಕಪ್ಪ ಹೇಳಿದ. ಆ ಕಾರ್ಖಾನೆ ಮುಂದೊಂದು ದಿನ ಬಾಗಿಲು ಹಾಕುತ್ತದೆಂದು ಆಗ ಯಾರಾದರೂ ಅಂದಿದ್ದರೆ ಊರವರು ನಂಬುತ್ತಿರಲಿಲ್ಲ. ನನಗೆ ಸೈನ್ಸ್ ಓದಬೇಕಿತ್ತು. ಅಪ್ಪ ದಾವಣಗೆರೆ ಅಂದ. ಭತ್ತದ ದಲ್ಲಾಳಿ ಅಂಗಡಿ ದಾವಣಗೆರೆಯಲ್ಲಿತ್ತು, ಅದೇ ಕಾರಣ.

ದಾವಣಗೆರೆ ಆಗ ಜಿಲ್ಲಾ ಕೇಂದ್ರವಲ್ಲ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆಯಾದದ್ದು 1997ರಲ್ಲಿ. ಡಿ.ಸಿ. ಕಚೇರಿಯಿಲ್ಲದ ಆ ಊರಿನಲ್ಲಿ 1951ರಷ್ಟು ಹಿಂದೆಯೇ ಎಂಜಿನಿಯರಿಂಗ್ ಕಾಲೇಜಿತ್ತು, 1965ರಿಂದ ಜೆ.ಜೆ.ಎಂ. ಮೆಡಿಕಲ್ ಕಾಲೇಜಿತ್ತು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1979ರಲ್ಲಿ ಇನ್ನೊಂದು ಎಂಜಿನಿಯರಿಂಗ್ ಕಾಲೇಜು ಕಟ್ಟಿತ್ತು. ಹತ್ತಿ, ಶೇಂಗಾ, ಅಕ್ಕಿಯ ವ್ಯಾಪಾರದಲ್ಲಿ ದುಡಿದವರ ಹಣ ಕಾಲೇಜಾಗಿ ನಿಂತ ಊರು ಅದು. ನಾವು ಹುಡುಗರು ಬಿಡಿಟಿ, ಡಿಆರ್‌ಎಂ, ಎವಿಕೆ ಎಂದು ಅಕ್ಷರಗಳಲ್ಲೇ ಕರೆಯುತ್ತಿದ್ದೆವು. ಬಿಡಿಟಿ ಎಂದರೆ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್ ಎಂದು ನನಗೆ ತಿಳಿದದ್ದು ಡಿಗ್ರಿ ಮುಗಿಯುವ ಹೊತ್ತಿಗೆ. ನಾನು ಐದು ವರ್ಷ ಓದಿದ ಡಿಆರ್‌ಎಂ ವಿಜ್ಞಾನ ಕಾಲೇಜಿನ ಹಿಂದೆ ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ ಎಂಬ ಹೆಸರಿದೆ ಎಂದು ಗೊತ್ತಾದಾಗ ನಾಚಿಕೆಯಾಯಿತು. ಯಾರ ಅನ್ನ ಉಂಡೆವೋ ಅವರ ಹೆಸರು ಗೊತ್ತಿರಬೇಕು.

ಅಡ್ಮಿಷನ್ನಿನ ದಿನ ಮೊದಲು ಹೋದದ್ದು ಕಾಲೇಜಿಗಲ್ಲ, ದಲ್ಲಾಳಿ ಅಂಗಡಿಗೆ. ಜೂನ್ ತಿಂಗಳು ರೈತನ ಕೈ ಬರಿದಾಗಿರುವ ತಿಂಗಳು. ಬೇಸಿಗೆ ಭತ್ತ ಮಾರಿದ ದುಡ್ಡು ಹಳೆ ಸಾಲಕ್ಕೆ, ಬೀಜ ಗೊಬ್ಬರಕ್ಕೆ ಹೋಗಿರುತ್ತದೆ. ಮಳೆಗಾಲದ ಭತ್ತ ಕೊಯ್ಲಿಗೆ ಬರುವುದು ದೀಪಾವಳಿಯ ಆಚೆ. ಫೀಜು ಕಟ್ಟುವುದು ನಡುವೆ, ಸರಿಯಾಗಿ ಆ ಬರಿಗೈ ತಿಂಗಳಲ್ಲಿ. ಆದ್ದರಿಂದ ನಮ್ಮ ಕಡೆಯ ಎಷ್ಟೋ ಹುಡುಗರ ಮೊದಲ ಕಾಲೇಜು ಫೀಜು ದಲ್ಲಾಳಿಯ ಗಲ್ಲಾಪೆಟ್ಟಿಗೆಯಿಂದ ಬಂದದ್ದು. ಗಾದಿಯ ಮೇಲೆ ಕೂತವರು ಉದ್ದನೆಯ ಕೆಂಪು ರಟ್ಟಿನ ಪುಸ್ತಕ ತೆಗೆದು ಅಪ್ಪನ ಹೆಸರಿನ ಕೆಳಗೆ ಬರೆದರು. ಪ್ರತಿಯಾಗಿ ಬರುವ ಬೆಳೆ ಅವರ ಅಂಗಡಿಗೇ ಬರಬೇಕು, ದರ ಅವತ್ತಿನದು. ಬೇರೆ ಕಡೆ ಹೆಚ್ಚು ಸಿಕ್ಕರೂ ಹೋಗುವಂತಿಲ್ಲ. ಬರೆದಾದ ಮೇಲೆ ಅವರು ನನ್ನನ್ನು ಕರೆದು, ‘ಏನ್ ಓದ್ತೀಯೋ?’ ಅಂದರು. ಸೈನ್ಸ್ ಎಂದೆ. ‘ನಾಪಾಸಾಗಬ್ಯಾಡ. ನಿಮ್ಮಪ್ಪ ಭತ್ತ ಅಡವಿಟ್ಟಾನೆ’ ಅಂದರು. ಬಯ್ದದ್ದಲ್ಲ ಅದು. ಎಷ್ಟೋ ಅಪ್ಪಂದಿರ ಹೆಸರು ಆ ಪುಸ್ತಕದಲ್ಲಿ ನೋಡಿದವರ ಮಾತು. ಐದು ವರ್ಷವೂ ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಆ ಕೆಂಪು ರಟ್ಟು ಕಣ್ಣಿಗೆ ಬರುತ್ತಿತ್ತು.

ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಒಂದು ಕಡೆ ಅಂಕ ಸಾಲದು ಅಂದರು, ಇನ್ನೊಂದು ಕಡೆ ಜಾತಿ ಕೇಳಿ ಸುಮ್ಮನಾದರು. ಮೂವರು ಹುಡುಗರು ಸೇರಿ ಒಂದು ರೂಮು ಮಾಡಿದೆವು. ಸೀಮೆಎಣ್ಣೆ ಸ್ಟೌ, ಊರಿಂದ ತಂದ ಅಕ್ಕಿ, ಅವ್ವ ಕಟ್ಟಿ ಕಳಿಸಿದ ಚಟ್ನಿಪುಡಿ. ಬೆಳಿಗ್ಗೆ ಮಿಲ್ಲಿನ ಕೂಗಿಗೆ ಏಳುತ್ತಿದ್ದೆವು. ಅಶೋಕ ಟಾಕೀಸಿನ ಹತ್ತಿರದ ರೈಲ್ವೆ ಗೇಟು ಹಾಕಿತೆಂದರೆ ಊರೇ ಎರಡಾಗಿ ನಿಲ್ಲುತ್ತಿತ್ತು. ಆಚೆಗೆ ಕಾಯುವವರು, ಈಚೆಗೆ ಕಾಯುವವರು. ಆ ಗೇಟಿನಲ್ಲಿ ನಿಂತೇ ನಾನು ಎಷ್ಟೋ ಸೂತ್ರಗಳನ್ನು ಬಾಯಿಪಾಠ ಮಾಡಿದ್ದೇನೆ. ತಿಂಗಳಿಗೊಮ್ಮೆ, ಕೈಯಲ್ಲಿ ಚಿಲ್ಲರೆ ಉಳಿದ ಸಂಜೆ, ಮಂಡಕ್ಕಿ ಮೆಣಸಿನಕಾಯಿ. ಬೆಣ್ಣೆದೋಸೆ ತಿಂದದ್ದು ಮಾತ್ರ ಫಸ್ಟ್ ಪಿಯುಸಿ ಫಲಿತಾಂಶ ಬಂದ ದಿನ, ಅಪ್ಪನೇ ಕರೆದುಕೊಂಡು ಹೋಗಿ ಕೊಡಿಸಿದ. ತಾನು ತಿನ್ನಲಿಲ್ಲ. ಹೊಟ್ಟೆ ತುಂಬಿದೆ ಅಂದ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದವನಿಗೆ ಪಿಯುಸಿ ಸೈನ್ಸು ಇಂಗ್ಲಿಷಿನಲ್ಲಿ. ವೇಗೋತ್ಕರ್ಷ ಎಂದು ಕಲಿತದ್ದು ಒಂದು ಬೆಳಿಗ್ಗೆ ಅಕ್ಸಲರೇಷನ್ ಆಯಿತು. ಮೊದಲ ಮೂರು ತಿಂಗಳು ನಾನು ಕ್ಲಾಸಿನಲ್ಲಿ ಕೂತದ್ದು ನೀರಿನೊಳಗೆ ಕೂತು ದಡದವರ ಮಾತು ಕೇಳಿದ ಹಾಗೆ. ಹಿಂದಿನ ಬೆಂಚು, ತಗ್ಗಿಸಿದ ತಲೆ. ಎರಡನೇ ಪಿಯುಸಿಯಲ್ಲಿ ಒಂದು ದಿನ ಫಿಸಿಕ್ಸ್ ಲೆಕ್ಚರರು ಕೊಳವೆಯಲ್ಲಿ ಹರಿಯುವ ನೀರಿನ ಪಾಠ ಮಾಡುತ್ತಿದ್ದರು. ಕೊಳವೆ ಕಿರಿದಾದ ಕಡೆ ನೀರಿನ ವೇಗ ಹೆಚ್ಚು, ಅಗಲವಾದ ಕಡೆ ಕಡಿಮೆ, ಒಂದು ಸೆಕೆಂಡಿಗೆ ದಾಟುವ ನೀರು ಮಾತ್ರ ಅಷ್ಟೇ. ಸಮೀಕರಣ ಬರೆದು, ‘ನೀರು ಹರಿಯುವ ಪ್ರಮಾಣವನ್ನು ಯಾವುದರಲ್ಲಿ ಅಳೆಯುತ್ತಾರೆ?’ ಎಂದು ಕೇಳಿದರು. ಇಂಗ್ಲಿಷ್ ಮೀಡಿಯಂನಿಂದ ಬಂದ ಮುಂದಿನ ಬೆಂಚಿನವರು ಸುಮ್ಮನಿದ್ದರು. ನನ್ನ ಬಾಯಿಂದ ನನಗೇ ಗೊತ್ತಿಲ್ಲದೆ ಬಂತು: ‘ಕ್ಯೂಸೆಕ್ ಸಾರ್.’

ಅದು ನಮ್ಮಪ್ಪನ ಮಾತು. ಹೆಬ್ಬೆಟ್ಟು ಒತ್ತುವ ಅಪ್ಪ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಕ್ಯೂಸೆಕ್, ಗೇಜು, ಡಿಸ್ಟ್ರಿಬ್ಯೂಟರು, ಆನು-ಆಫು, ಇವೆಲ್ಲ ನಾಲೆ ಏರಿಯ ಕನ್ನಡ. ನಾಲೆಯ ನೀರು ಬಿಡುವ ಸೌಡಿ ಬಂದರೆ ಅಪ್ಪ ಅವನ ಜೊತೆ ಗೇಜಿನ ಮುಂದೆ ನಿಂತು ಇಂಚು ಇಂಚಿಗೂ ಜಗಳ ಮಾಡುತ್ತಿದ್ದ. ನಾಲೆ ಸಪೂರವಾದಲ್ಲಿ ನೀರು ಬಿರುಸು, ಅಗಲವಾದಲ್ಲಿ ಮೆತ್ತಗೆ ಎಂಬುದನ್ನು ಅವನು ನನಗೆ ಎಮ್ಮೆ ಮೈತೊಳೆಯುವ ಜಾಗ ತೋರಿಸಿ ಹೇಳಿಕೊಟ್ಟಿದ್ದ. ಲೆಕ್ಚರರು ನನ್ನನ್ನು ಎಬ್ಬಿಸಿ ಯಾವ ಊರು ಎಂದು ಕೇಳಿದರು. ಹೇಳಿದೆ. ‘ಹಾಗಾದರೆ ಬೋರ್ಡಿಗೆ ಬಾ’ ಅಂದರು. ಬೋರ್ಡಿನ ಮೇಲೆ ನಾನು ಬರೆದದ್ದು ನಮ್ಮ ತೂಬು. ಆಮೇಲೆ ಫಿಸಿಕ್ಸ್ ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಮುಂದೆ ಮೂವತ್ತು ವರ್ಷಕ್ಕೂ ಮೇಲೆ ನಾನು ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದೆ. ಹೊಸ ಶಾಲೆಗೆ ಹೋದ ಮೊದಲ ದಿನ ಮಕ್ಕಳ ಅಪ್ಪ ಅವ್ವ ಏನು ಕೆಲಸ ಮಾಡುತ್ತಾರೆಂದು ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೆ. ಕಮ್ಮಾರನ ಮಗಳಿಗೆ ಉಷ್ಣದ ಪಾಠ ಎಲ್ಲಿಂದ ಶುರು ಮಾಡಬೇಕೆಂದು ಆಗ ಗೊತ್ತಾಗುತ್ತದೆ.

ಬಿ.ಎಸ್ಸಿ. ಎರಡನೇ ವರ್ಷ ಬೇಸಿಗೆ ಬೆಳೆಗೆ ನೀರು ಸರಿಯಾಗಿ ಬರಲಿಲ್ಲ. ಸರದಿ ಹಾಕಿದರು. ನಮ್ಮ ಸರದಿಯ ನೀರು ಹಗಲಿಡೀ ಮೇಲಿನವರ ಗದ್ದೆಗಳಲ್ಲಿ ಇಂಗಿ, ಕೊನೆ ಭಾಗಕ್ಕೆ ತಲುಪುತ್ತಿದ್ದದ್ದು ನಡುರಾತ್ರಿ. ಯಾರೂ ಕಾಯದಿದ್ದರೆ ಮೇಲೆ ಇನ್ನೊಬ್ಬರು ಮಡೆ ತಿರುಗಿಸುತ್ತಾರೆ. ಮಾರ್ಚಿಯಲ್ಲಿ ಎರಡು ದಿನ ರಜೆ ಸಿಕ್ಕಿ ಊರಿಗೆ ಹೋದೆ. ಕೊನೆಯ ಬಸ್ಸು ತಡವಾಗಿ, ಅರ್ಧ ದಾರಿ ನಡೆದು ಮನೆ ಮುಟ್ಟಿದಾಗ ಹತ್ತು ಗಂಟೆ ದಾಟಿತ್ತು. ಅವ್ವ ಒಬ್ಬಳೇ ಇದ್ದಳು. ಅಪ್ಪ, ಅಕ್ಕ ಎಲ್ಲಿ ಎಂದರೆ, ‘ನೀರಿಗೆ ಹೋಗ್ಯಾರೆ’ ಅಂದಳು. ನಾನು ಹಾಗೇ ಏರಿಯ ಮೇಲೆ ಹೋದೆ. ದೂರದಲ್ಲಿ ಒಂದು ಲಾಟೀನು. ಅಪ್ಪನಿಗೆ ಜ್ವರ, ಕಂಬಳಿ ಹೊದ್ದು ಬದುವಿನ ಮೇಲೆ ಮಲಗಿದ್ದ. ಅಕ್ಕ ಸೀರೆ ಮೇಲೆ ಕಟ್ಟಿ, ಮೊಣಕಾಲು ಮಟ ನೀರಿನಲ್ಲಿ ಸಲಿಕೆ ಹಿಡಿದು ಮಡೆಯ ಬಾಯಲ್ಲಿ ನಿಂತಿದ್ದಳು. ನನ್ನ ಹೆಜ್ಜೆ ಸಪ್ಪಳ ಕೇಳಿ, ಯಾರೋ ನೀರು ತಿರುಗಿಸಲು ಬಂದರೆಂದು ತಿಳಿದು ಸಲಿಕೆ ಎತ್ತಿ ಕೂಗಿದಳು: ‘ಯಾವನಲೇ ಅಂವ?’

ಹಗಲು ಹೊತ್ತಿನಲ್ಲಿ ಹುಡುಗಿ ಹೇಗೆ ಓಡಾಡುತ್ತಾಳೆ ಎಂದು ಕೇಳಿದ್ದ ಏರಿ ಅದೇ.

ಅವತ್ತು ನಾನು ಆಕೆಯ ಕೈಯಿಂದ ಸಲಿಕೆ ಈಸಿಕೊಂಡೆ. ಬೆಳಗಿನ ಜಾವದವರೆಗೆ ಇಬ್ಬರೂ ನಿಂತೆವು. ಆಕೆ ಹೆಚ್ಚು ಮಾತಾಡಲಿಲ್ಲ. ಒಮ್ಮೆ ಕೇಳಿದಳು, ಕಾಲೇಜಿನಲ್ಲಿ ಹುಡುಗಿಯರು ಎಷ್ಟು ಮಂದಿ ಇದ್ದಾರೆ ಎಂದು. ನಾನು ಸಂಖ್ಯೆ ಹೇಳಿದೆ. ‘ಲೆಕ್ಕ ಚೆನ್ನಾಗಿ ಮಾಡ್ತಾರಾ?’ ಅಂದಳು. ಆ ಪ್ರಶ್ನೆಗೆ ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಪ್ರಶ್ನೆ ಮಾತ್ರ ಹೋಗಿಲ್ಲ. ಆ ವರ್ಷ ಆಕೆಯ ಮದುವೆ ಗೊತ್ತಾಗಿತ್ತು. ಬೇಸಿಗೆ ಬೆಳೆ ನಂಬಿ ದಿನ ನೋಡಿದ್ದರು. ಬೆಳೆ ಅರ್ಧಕ್ಕೆ ಬಂತು. ಬಂದ ಅರ್ಧದಲ್ಲಿ ಮದುವೆ ಆಗಬೇಕೋ ನನ್ನ ಕೊನೆಯ ವರ್ಷದ ಫೀಜು ಕಟ್ಟಬೇಕೋ ಎಂಬ ಮಾತು ಮನೆಯಲ್ಲಿ ಬಂದಿತ್ತಂತೆ. ಮದುವೆ ಒಂದು ವರ್ಷ ಮುಂದೆ ಹೋಗಲಿ ಅಂದವಳು ಅಕ್ಕನೇ ಎಂದು ನನಗೆ ತಿಳಿದದ್ದು ಅಪ್ಪ ತೀರಿಕೊಂಡ ಮೇಲೆ, ಅವ್ವನ ಬಾಯಿಂದ. ನನ್ನ ಡಿಗ್ರಿ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದೆ. ಅವ್ವ ಅದನ್ನು ಹೇಳಿದ ದಿನ ಇಳಿಸಿ ಪೆಟ್ಟಿಗೆಯಲ್ಲಿಟ್ಟೆ. ನನ್ನ ಹೆಸರೊಂದೇ ಇರುವ ಕಾಗದವನ್ನು ನೋಡುತ್ತಾ ಊಟ ಮಾಡಲಾಗಲಿಲ್ಲ.

ನಾವು ಡಿಗ್ರಿಗೆ ಸೇರಿದಾಗ ಮೈಸೂರು ವಿಶ್ವವಿದ್ಯಾನಿಲಯ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿ ಶಿವಮೊಗ್ಗ, ಚಿತ್ರದುರ್ಗದವರು ಅದರ ತೆಕ್ಕೆಗೆ ಹೋದರು. 2009ರಲ್ಲಿ ದಾವಣಗೆರೆಗೇ ವಿಶ್ವವಿದ್ಯಾನಿಲಯ ಬಂತು, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ. ಮಿಲ್ಲುಗಳ ಕೂಗು ಒಂದೊಂದಾಗಿ ನಿಂತಿತು. ನಮ್ಮನ್ನು ಎಬ್ಬಿಸುತ್ತಿದ್ದ ಹತ್ತಿಯ ಊರು ಈಗ ಪೂರ್ತಿ ಕಾಲೇಜಿನ ಊರು. ಹೊರ ರಾಜ್ಯಗಳ ಹುಡುಗರಿಗೆ ಬಾಡಿಗೆ ಕೊಟ್ಟ ಮನೆಗಳು, ಜೆರಾಕ್ಸ್ ಅಂಗಡಿಗಳು, ಮೆಸ್ಸುಗಳು.

ಅಕ್ಕನ ಕೊನೆಯ ಮಗಳು 2023ರಲ್ಲಿ ಡಿಗ್ರಿ ಮುಗಿಸಿದಳು. ಗಣಿತ. ಎಂ.ಎಸ್ಸಿ.ಗೆ ಶಿವಗಂಗೋತ್ರಿಯಲ್ಲಿ ಸೀಟು ಸಿಕ್ಕಿತು. ಆ ವರ್ಷ ಮಳೆ ಕೈಕೊಟ್ಟು ಡ್ಯಾಮು ತುಂಬಿರಲಿಲ್ಲ. ನೀರಿಗಾಗಿ ದಾವಣಗೆರೆಯಲ್ಲಿ ರೈತರು ಬೀದಿಗಿಳಿದಿದ್ದರು. ಪ್ರವೇಶದ ದಿನ ನನ್ನನ್ನೂ ಬಾ ಎಂದಿದ್ದರು. ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ತಾಯಿ ಮಗಳು ಇಬ್ಬರೂ ಕೆಂಪು ಬಸ್ಸಿನಿಂದ ಇಳಿದರು. ಜೂನ್‌ನಲ್ಲಿ ಶುರುವಾಗಿದ್ದ ಶಕ್ತಿ ಯೋಜನೆಯ ಟಿಕೆಟ್ಟು ಅಕ್ಕನ ಕೈಯಲ್ಲೇ ಇತ್ತು. ದರದ ಜಾಗದಲ್ಲಿ ಸೊನ್ನೆ. ಅದನ್ನು ನನಗೆ ತೋರಿಸಿ, ಎಲೆಯಡಿಕೆಯ ಸಂಚಿಯಲ್ಲಿ ಮಡಚಿಟ್ಟಳು.

ಶಿವಗಂಗೋತ್ರಿಯ ಕಟ್ಟಡದ ನೆರಳಿನಲ್ಲಿ ಕೂತು ಹುಡುಗಿ ಅರ್ಜಿ ತುಂಬುತ್ತಿದ್ದಳು. ಅಕ್ಕ ಆಕೆಯ ಪಕ್ಕದಲ್ಲಿ ಕೂತು, ಹೋಗಿ ಬರುವ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಹಾಸ್ಟೆಲ್ ಬೇಕೋ ಬೇಡವೋ ಎಂಬ ಕಾಲಂ ಬಂದಾಗ ಹುಡುಗಿ ಪೆನ್ನು ನಿಲ್ಲಿಸಿದಳು. ಬಸ್ಸು ಪುಕ್ಕಟೆ, ದಿನಾ ಓಡಾಡಿದರೆ ದುಡ್ಡು ಉಳಿಯುತ್ತದೆ, ಈ ವರ್ಷ ಬೇಸಿಗೆ ಬೆಳೆಯೂ ಅನುಮಾನ ಎಂದಳು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ಫೋನಿನಾಗೆ ನೋಡು. ಡ್ಯಾಮು ಎಷ್ಟಡಿ ಐತಿ?’

ಹುಡುಗಿ ನೋಡಿ ಹೇಳಿದಳು. ಅಕ್ಕನ ತುಟಿ ಆಡಿತು. ಬೆರಳು ಮಡಚಲಿಲ್ಲ, ಮೊದಲಿನಿಂದಲೂ ಆಕೆಗೆ ಅದು ಬೇಕಾಗಿರಲಿಲ್ಲ. ಎಷ್ಟು ದಿನ ನೀರು, ಎಷ್ಟು ಚೀಲ, ಎಷ್ಟು ಸಾಲ, ಎಲ್ಲ ಒಳಗೇ ಕೂಡಿಸಿ ಕಳೆದಳು. ಆಮೇಲೆ ಕಾಗದದ ಮೇಲೆ ಬೆರಳಿಟ್ಟು ಹೇಳಿದಳು: ‘ಬೇಕು ಅಂತ ಬರಿ.’